ಹಗೇವಿನ ಬಾಯಿ, ಬೇವಿನ ಚೌಕಟ್ಟು

ಕೋಲ್ಹಾರದಲ್ಲಿ ಬಸ್ಸು ನಿಂತಾಗ ಇಳಿದು ಎರಡು ಗಡಿಗೆ ಮೊಸರು ಕೊಂಡೆ. ಇಲ್ಲಿಯ ಮಣ್ಣಿನ ಗಡಿಗೆಯ ಗಟ್ಟಿ ಮೊಸರಿಗೆ ವಿಜಯಪುರ, ಬಾಗಲಕೋಟೆ ಎರಡೂ ಕಡೆ ಹೆಸರಿದೆ. ದೊಡ್ಡಪ್ಪ ನಮ್ಮ ಮನೆಗೆ ಬರುವಾಗ ಯಾವಾಗಲೂ ಎರಡೇ ಗಡಿಗೆ ತರುತ್ತಿದ್ದ. ಒಂದು ಮನೆಯವರಿಗೆ, ಇನ್ನೊಂದು ಬಾಜೂ ಮನೆಯವರಿಗೆ. ಅವನು ತೀರಿಕೊಂಡು ಈ ಮೇ ತಿಂಗಳಿಗೆ ವರ್ಷ ತುಂಬಿತು. ನೀರು ಇಳಿದಾಗ ಹಳೇ ಊರು ನೋಡಿ ಬರೋಣ ಎಂದು ದೊಡ್ಡವ್ವ ಫೋನಿನಲ್ಲಿ ಹೇಳಿದ್ದಳು. ಅದಕ್ಕೇ ಹೊರಟಿದ್ದೆ.

ಕೋಲ್ಹಾರ ದಾಟಿದರೆ ಕೃಷ್ಣೆಯ ಸೇತುವೆ, ಸುಮಾರು 3 ಕಿ.ಮೀ. ಉದ್ದ. ಶ್ರಾವಣದ ಹೊತ್ತಿಗೆ ಬಂದರೆ ಎರಡೂ ಕಡೆ ಕಣ್ಣು ಹಾಯುವವರೆಗೆ ನೀರು. ಮೇ ತಿಂಗಳಲ್ಲಿ ಹಾಗಲ್ಲ, ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಸರಿದು ಅಂಚಿನಲ್ಲಿ ಬಿರುಕುಬಿಟ್ಟ ರೇವೆ ಮಣ್ಣು ಕಾಣುತ್ತದೆ. ಅಂಥ ಮಣ್ಣಿನಲ್ಲೇ ನಮ್ಮೂರೂ ಇದೆ.

ಬೀಳಗಿ ಕ್ರಾಸಿನಲ್ಲಿ ದೊಡ್ಡಪ್ಪನ ಮಗ, ನನಗೆ ತಮ್ಮ, ಟಂಟಂ ಆಟೋ ಮಾಡಿಸಿಕೊಂಡು ಕಾಯುತ್ತಿದ್ದ. ದೊಡ್ಡವ್ವ ಹಿಂದಿನ ಸೀಟಿನಲ್ಲಿ ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಹೊದ್ದು ಕುಳಿತಿದ್ದಳು. ಡಾಂಬರು ಮುಗಿದ ಮೇಲೆ ಅರ್ಧ ತಾಸು ನಡೆಯಬೇಕು. ಅವಳ ಮೊಣಕಾಲು ನೋವು ನೆನೆದು ನನಗೆ ಚಿಂತೆ. ಅವಳೋ ನಮ್ಮಿಬ್ಬರಿಗಿಂತ ಮುಂದೆ.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಇಟ್ಟಾಗ ದೊಡ್ಡಪ್ಪ ಹದಿನಾಲ್ಕರ ಹುಡುಗ. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸುವ ಹೊತ್ತಿಗೆ ಅವನ ತಲೆ ಬೆಳ್ಳಗಾಗಿತ್ತು. ನಡುವಿನ ನಲವತ್ತು ವರ್ಷ ಊರಿನ ನೆತ್ತಿಯ ಮೇಲೆ ‘ಮುಳುಗಡೆ’ ಎನ್ನುವ ಒಂದೇ ಮಾತು ತೂಗಿತು. ಹೊಸ ಮನೆ ಕಟ್ಟಲು ಯಾರಿಗೂ ಮನಸ್ಸಿಲ್ಲ, ಮುಳುಗುವ ಊರಿಗೆ ಹೆಣ್ಣು ಕೊಡಲು ಮಂದಿ ಹಿಂದೆಮುಂದೆ ನೋಡುತ್ತಿದ್ದರು. ದೊಡ್ಡಪ್ಪ ಮಾತ್ರ ಪ್ರತಿ ದೀಪಾವಳಿಗೂ ಗೋಡೆಗೆ ಸುಣ್ಣ ಹಚ್ಚುತ್ತಿದ್ದ. “ಮುಳುಗೂ ದಿನ ಮುಳುಗಲಿ, ಇವತ್ತ ಹಬ್ಬ ಐತಿ” ಎನ್ನುತ್ತಿದ್ದ. ಅವನ ಇಡೀ ಬದುಕೇ ಹಾಗಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಊರು ಬಂತು ಎಂದು ದೊಡ್ಡವ್ವ ಹೇಳಿದಾಗ ನನಗೆ ಕಂಡದ್ದು ಬುನಾದಿ ಕಲ್ಲುಗಳ ಸಾಲು ಮತ್ತು ಹನುಮಪ್ಪನ ಗುಡಿಯ ಮೊಂಡುಗೋಡೆ. ಅವಳಿಗೆ ಓಣಿ ಕಾಣುತ್ತಿತ್ತು. ಎಡಕ್ಕೆ ಹೊರಳಿ, ಹತ್ತು ಹೆಜ್ಜೆ ಎಣಿಸಿ ಒಂದು ಹಾಸುಗಲ್ಲಿನ ಮುಂದೆ ನಿಂತಳು. ಅಲ್ಲೇ ಚಪ್ಪಲಿ ಬಿಟ್ಟಳು. ನಮ್ಮ ಕಡೆ ತಿರುಗಿ ನೋಡಿದಳು, ನಾವೂ ಬಿಟ್ಟೆವು. ಸುಡುವ ಮಣ್ಣಿನಲ್ಲಿ ಬರಿಗಾಲಲ್ಲಿ ಪಡಸಾಲೆ, ದನದ ಕೊಟ್ಟಿಗೆ, ಅಡಿಗೆಮನೆ ಎಲ್ಲ ತೋರಿಸುತ್ತ ನಡೆದಳು. ಒಂದು ಕಡೆ ಮಾತ್ರ ಕೂತೇಬಿಟ್ಟಳು. ಅದು ಹಗೇವಿನ ಬಾಯಿ. ಒಳಗೆಲ್ಲ ರೇವೆ ತುಂಬಿ, ಮೇಲೆ ದುಂಡನೆಯ ಕಲ್ಲಿನ ಬಳೆ ಅಷ್ಟೇ ಉಳಿದಿತ್ತು.

ಹಗೇವು ನೋಡಿರದವರಿಗೆ ಹೇಳಬೇಕು. ನೆಲದಾಳದಲ್ಲಿ ಗಡಿಗೆಯ ಆಕಾರಕ್ಕೆ ತೋಡಿ, ಒಳಮೈಗೆ ಕಣಿಕೆ (ಜೋಳದ ಒಣದಂಟು) ಹೊದಿಸಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಾರೆ. ತೆಗೆದ ತಕ್ಷಣ ಒಳಗೆ ಇಳಿಯಬಾರದು, ಕೆಟ್ಟ ಗಾಳಿ ಇರುತ್ತದೆ. ದೊಡ್ಡಪ್ಪ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದ. ಅದು ಆರಿದರೆ ಆ ದಿನ ಯಾರೂ ಇಳಿಯುವಂತಿಲ್ಲ. ಆರದಿದ್ದರೂ ಮೊದಲು ಅವನೇ ಇಳಿಯುತ್ತಿದ್ದ, ಮಕ್ಕಳನ್ನು ಇಳಿಸುತ್ತಿರಲಿಲ್ಲ.

1972ರ ಬರಕ್ಕೆ ಈ ಹಗೇವು ತಳ ಕಂಡಿತು. ದೊಡ್ಡವ್ವ ಆಗ ಹೊಸ ಸೊಸೆ. “ತಳದಾಗಿನ ಕಪ್ಪ ಜ್ವಾಳ ಕಸಬರಿಗಿಲೆ ಬಳದ ತಂದ. ಅದನ್ನ ಬೀಸಿ ರೊಟ್ಟಿ ಬಡದ್ಯಾ. ತಾ ತಿನಲಿಲ್ಲ, ನನ್ನ ಹೊಟ್ಟಿ ಸರಿ ಇಲ್ಲಂದ” ಎಂದಳು. ನಂತರ ಇಬ್ಬರೂ ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆದರು. ಅದೂ ಮುಗಿದ ಮೇಲೆ ಗುಳೆ ಹೋದರು, ಸಾಂಗ್ಲಿ ಕಡೆಗೆ ಕಬ್ಬು ಕಡಿಯಲು. ಎರಡು ವರ್ಷದ ನಂತರ ಒಂದು ಹೋರಿ ಕೊಳ್ಳುವಷ್ಟು ದುಡ್ಡು ಕಟ್ಟಿಕೊಂಡು ಬಂದರು. ಇನ್ನೊಂದು ಹೋರಿ ಕಾಕಾನದು. ಹೀಗೆ ಜೋಡಿ ಆಯಿತು, ಬೇಸಾಯ ಮತ್ತೆ ನಡೆಯಿತು.

ಊರು ಬಿಡುವ ದಿನ ಬಂದಾಗ ಮನೆಯ ತೊಲೆ, ಕಂಬ, ಕಲ್ಲು ಬಿಚ್ಚಿ ಚಕ್ಕಡಿಯಲ್ಲಿ ಹೇರಿದರು. ಮೊದಲು ಹೇರಿದ್ದು ತಲಬಾಗಿಲ ಬೇವಿನ ಚೌಕಟ್ಟು. “ಚೌಕಟ್ಟ ಒಂದ ಇದ್ರ ಸಾಕು, ಸುತ್ತ ಗ್ವಾಡಿ ಕಟ್ಟಿಕೊಂಡ್ರಾತು” ಎಂದಿದ್ದ ದೊಡ್ಡಪ್ಪ. ಪರಿಹಾರದ ಹಣ ಕಂತುಕಂತಾಗಿ ಬಂತು. ಹೆಚ್ಚಿನ ಪರಿಹಾರಕ್ಕೆ ವರ್ಷಗಟ್ಟಲೆ ಕೋರ್ಟಿಗೆ ಅಲೆದ. ಬಂದಷ್ಟರಲ್ಲಿ ನಾಲ್ಕು ಎಕರೆ ಒಣಭೂಮಿ ಕೊಂಡು ದಾಳಿಂಬೆ ಹಚ್ಚಿದ. ಮೂರು ಫಸಲು ಕೈಗೆ ಬಂದವು. ಆಮೇಲೆ ದುಂಡಾಣು ರೋಗ ಬಿದ್ದು ಕಾಯಿಗಳು ಕಪ್ಪಾಗಿ ಸೀಳಿದವು. ಒಂದು ವಾರ ಯಾರೊಂದಿಗೂ ಮಾತಾಡಲಿಲ್ಲವಂತೆ. ಎಂಟನೆಯ ದಿನ ಕೊಡಲಿ ತಗೊಂಡು ಹೋಗಿ ಗಿಡ ಕಡಿದು, ಹಿಂಗಾರಿಗೆ ಮಾಲದಂಡಿ ಜೋಳ ಬಿತ್ತಿದ.

ಅವನು ನೋಯದ ಮನುಷ್ಯನಾಗಿರಲಿಲ್ಲ, ಇದನ್ನು ಹೇಳಲೇಬೇಕು. ನೀರು ತುಂಬಿದ ಮೊದಲ ವರ್ಷ ಎಳ್ಳ ಅಮಾವಾಸ್ಯೆಗೆ ಚರಗದ, ಅಂದರೆ ಭೂತಾಯಿಗೆ ಹೊಲದಲ್ಲಿ ಚೆಲ್ಲುವ ಎಡೆಯ, ಬುಟ್ಟಿ ಹೊತ್ತು ಹಿನ್ನೀರಿನ ದಂಡೆಗೆ ಹೋಗಿ, ಮುಳುಗಿದ ಹೊಲದ ದಿಕ್ಕಿಗೆ ಚರಗ ಚೆಲ್ಲಿ ಬಂದವನು ಅವನು. ಅಂದು ಜೊತೆಗಿದ್ದ ತಮ್ಮ ಹೇಳಿದ: “ಅಪ್ಪ ಅತ್ತಿದ್ದನ್ನ ನಾ ನೋಡಿದ್ದು ಅದೊಂದ ಸಲ.”

ಸಂಜೆ ಪುನರ್ವಸತಿ ಕೇಂದ್ರದ ಮನೆಗೆ ಬಂದೆವು. ಸುತ್ತ ಸಿಮೆಂಟ್ ಗೋಡೆ, ನಡುವೆ ಅದೇ ಬೇವಿನ ಚೌಕಟ್ಟು. ಅಳತೆ ಗಿಡ್ಡ, ಬಗ್ಗಿಯೇ ಒಳಗೆ ಹೋಗಬೇಕು. ಎಡಗಡೆಯ ಪಟ್ಟಿಯ ಒಳಮೈಯಲ್ಲಿ ಕುಡಗೋಲಿನ ತುದಿಯಿಂದ ಕೊರೆದ ಗೀರುಗಳಿವೆ. ಚಿಕ್ಕವನಿದ್ದಾಗ ನೋಡಿದ್ದೆ, ಏನೆಂದು ಕೇಳಿರಲಿಲ್ಲ. ಪ್ರತಿ ಸುಗ್ಗಿಗೆ ಎಷ್ಟು ಚೀಲ ಬಂತೆಂದು ಅಷ್ಟು ಗೀರು, ವರ್ಷಕ್ಕೊಂದು ಸಾಲು. ದೊಡ್ಡವ್ವ ನನ್ನ ಬೆರಳು ಹಿಡಿದು ಒಂದು ಕಡೆ ಇಟ್ಟಳು. ಅಲ್ಲಿ ಒಂದು ಸಾಲಿನಷ್ಟು ಜಾಗ ಖಾಲಿ. ಅದು ಬರದ ವರ್ಷ. ಹಗೇವು ಮುಳುಗಿದ ಮೇಲೂ ಸಾಲುಗಳು ನಿಂತಿಲ್ಲ, ಕೆಳಕೆಳಗೆ ಇಳಿದು ಹೊಸ್ತಿಲ ಹತ್ತಿರ ಬಂದಿವೆ.

ಕೊನೆಯ ಸಾಲಿನಲ್ಲಿ ಹನ್ನೊಂದು ಗೀರು, ಸೊಟ್ಟಗಿವೆ. ಮರದ ಬಣ್ಣ ಇನ್ನೂ ಹಸಿ. ತಮ್ಮನ ಮುಖ ನೋಡಿದೆ. ಅವನು ಮೊಸರಿನ ಗಡಿಗೆ ಒಂದನ್ನು ಎತ್ತಿಕೊಂಡು, ಬಾಜೂ ಮನೆಗೆ ಕೊಟ್ಟು ಬರುತ್ತೇನೆಂದು ಬಗ್ಗಿ ಹೊರಗೆ ಹೋದ.