ಟ್ಯೂಬಾ, ಟವೆಲ್ ಮತ್ತು ಜೋಮು ಹಿಡಿದ ಕಾಲು

ಎರಡೂವರೆ ಗಂಟೆಯ ರಿಹರ್ಸಲ್ ಮುಗಿಸಿ ಎದ್ದೆ. ಎಡಗಾಲು ನನ್ನದಲ್ಲವೇನೋ ಅನ್ನಿಸಿತು. ತೊಡೆಯಿಂದ ಪಾದದವರೆಗೂ ಜೋಮು. ತೋಳಿನಲ್ಲಿ ಸುಮಾರು 10 ಕೆಜಿ ಟ್ಯೂಬಾ, ಅಂದರೆ ಕೆಳಸ್ವರ ನುಡಿಸುವ ದೊಡ್ಡ ಹಿತ್ತಾಳೆ ಊದುವಾದ್ಯ. ಪಕ್ಕದ ಟ್ರಾಂಬೋನ್‌ನವನು ತಟ್ಟನೆ ರಟ್ಟೆ ಹಿಡಿಯದಿದ್ದರೆ ಅದೂ ನಾನೂ ಒಟ್ಟಿಗೇ ನೆಲಕ್ಕೆ ಬೀಳುತ್ತಿದ್ದೆವು. ನನ್ನ ಮಂಡಿ ತರಚಿದರೆ ನಾಲ್ಕು ದಿನಕ್ಕೆ ವಾಸಿಯಾಗುತ್ತದೆ. ಟ್ಯೂಬಾದ ಬೆಲ್, ಅಂದರೆ ಅದರ ಅಗಲವಾದ ಬಾಯಿ, ನೆಗ್ಗಿದ್ದರೆ?

ಅದಕ್ಕೂ ಮೊದಲೇ ಮೂರು ತಿಂಗಳಿಂದ ಕತ್ತು ನೋಯುತ್ತಿತ್ತು, ಎಡಗೈ ಮಣಿಕಟ್ಟೂ ನೋಯುತ್ತಿತ್ತು. ಕಾರಣ ನಾನೇ ಕಂಡುಹಿಡಿದಿದ್ದೆ: ನನಗೆ ತಾಕತ್ತು ಸಾಲದು. ಡಂಬೆಲ್ಸ್ ತಂದು ಎತ್ತಲು ಬೇರೆ ಶುರು ಮಾಡಿದ್ದೆ. ತೋಳೇನೋ ಸ್ವಲ್ಪ ಗಟ್ಟಿಯಾಯಿತು, ಕತ್ತು ನೋವು ಮಾತ್ರ ಜಾಸ್ತಿಯೇ ಆಯಿತು.

ಅವತ್ತು ಮೇಷ್ಟ್ರು ಎಲ್ಲ ನೋಡುತ್ತಿದ್ದರು. ಎಲ್ಲರೂ ಹೋದ ಮೇಲೆ ನನ್ನನ್ನು ಮತ್ತೆ ಕೂರಿಸಿದರು.

"ಟ್ಯೂಬಾ ಪಕ್ಕಕ್ಕಿಡಿ. ಸುಮ್ನೆ ಕೂತ್ಕೊಳ್ಳಿ. ಊಟಕ್ಕೆ ಕೂತ ಹಾಗೆ, ಆರಾಮಾಗಿ."

ಕೂತೆ. ಕುರ್ಚಿಗೆ ಒರಗದೆ ಸ್ವಲ್ಪ ಮುಂದೆ ಬನ್ನಿ ಅಂದರು. ಎರಡೂ ಪಾದ ನೆಲಕ್ಕೆ ಊರಿಸಿದರು. ಕಣ್ಣು ಮುಚ್ಚಿಸಿದರು. ಆಮೇಲೆ ಅವರೇ ಟ್ಯೂಬಾ ತಂದು, ನಾನು ಯಾವಾಗಲೂ ಇಡುವ ಹಾಗೆ, ತೊಡೆಗಳ ಮಧ್ಯೆ ಕುರ್ಚಿಯ ಅಂಚಿನ ಮೇಲೆ ಇಟ್ಟರು.

"ಅಲ್ಲಾಡಬೇಡಿ. ಮೌತ್‌ಪೀಸ್ ಎಲ್ಲಿ ತಗಲ್ತಿದೆ ಹೇಳಿ."

ತುಟಿಯಿಟ್ಟು ಊದುವ ಆ ತುದಿ ಗದ್ದಕ್ಕೆ ತಗಲುತ್ತಿತ್ತು. ತುಟಿಗಿಂತ ಎರಡು ಬೆರಳು ಕೆಳಗೆ.

ಅಷ್ಟೇ ವಿಷಯ. ನಾನು ಉದ್ದ, ಟ್ಯೂಬಾ ನನಗೆ ಗಿಡ್ಡ. ಆ ಎರಡು ಬೆರಳಿನ ಅಂತರ ತುಂಬಲು ಪ್ರತಿ ಸಲ ಕತ್ತು ಬಗ್ಗಿಸುತ್ತಿದ್ದೆ. ಕತ್ತು ನೋಯಿಸಿಕೊಂಡಾಗ ಇಡೀ ವಾದ್ಯವನ್ನು ಎಡ ತೊಡೆಯ ಮೇಲೆ ಎತ್ತಿ ಇಟ್ಟುಕೊಳ್ಳುತ್ತಿದ್ದೆ. ಆಗ ತೊಡೆಯ ಮೇಲೆ ಟ್ಯೂಬಾದ ಭಾರ, ಕೆಳಗೆ ಕುರ್ಚಿಯ ಅಂಚು, ಮಧ್ಯೆ ನನ್ನ ನರ. ಜೋಮು ಹಿಡಿಯದೆ ಇನ್ನೇನು ಹಿಡಿಯುತ್ತದೆ?

"ಬಾಯಿ ವಾದ್ಯದ ಹತ್ರ ಹೋಗಬಾರದು. ವಾದ್ಯಾನೇ ಬಾಯಿ ಹತ್ರ ಬರಬೇಕು," ಅಂದರು ಮೇಷ್ಟ್ರು. ಚೀಲದಿಂದ ಒಂದು ಹಳೇ ಸ್ನಾನದ ಟವೆಲ್ ತೆಗೆದರು. ಬಣ್ಣ ಮಾಸಿ, ಅಂಚಿನಲ್ಲಿ ನೂಲು ಬಿಟ್ಟಿತ್ತು. ನಾಲ್ಕು ಮಡಿಕೆ ಹಾಕಿ ಟ್ಯೂಬಾದ ಕೊಳವೆಯ ಕೆಳಗಿನ ಬಾಗಿನಡಿ ಇಟ್ಟರು. ಮೌತ್‌ಪೀಸ್ ಕೆಳತುಟಿಗೆ ಬಂತು. ಇನ್ನೊಂದು ಮಡಿಕೆ. ನೆಟ್ಟಗೆ ತುಟಿಗೆ ಬಂದು ಕೂತಿತು.

"ಈಗ ಎಡಗೈ ಬಿಡಿ."

ಬಿಡಲು ಭಯ. ಮೂರು ತಿಂಗಳಿಂದ ಆ ಕೊಳವೆಯನ್ನು ಬಾವಿಗೆ ಬಿದ್ದವನು ಹಗ್ಗ ಹಿಡಿದ ಹಾಗೆ ಹಿಡಿದಿದ್ದೆ. ಬೆರಳು ಒಂದೊಂದಾಗಿ ಸಡಿಲಿಸಿದೆ. ಟ್ಯೂಬಾ ನನ್ನ ಮೈಗೆ ವಾಲಿ ಹಾಗೇ ನಿಂತಿತು! ಎಡಗೈ ಇರೋದು ಟ್ಯೂಬಾ ಆ ಕಡೆ ಈ ಕಡೆ ವಾಲದಂತೆ ನೋಡಿಕೊಳ್ಳೋಕೆ, ಹೊರೋಕಲ್ಲ ಅಂದರು. ಬಲಗೈಯಂತೂ ಭಾರ ಮುಟ್ಟಲೇಬಾರದು, ಅದರ ಕೆಲಸ ಸ್ವರ ಬದಲಿಸುವ ವಾಲ್ವ್ ಒತ್ತುವುದು. ಬಲಗೈಯೂ ಹೊರಲು ಹೋದರೆ ಬೆರಳು ಬಿಗಿದು ವೇಗದ ಜಾಗದಲ್ಲಿ ತಡವರಿಸುತ್ತದೆ. ನನಗೆ ಹಾಗೇ ಆಗುತ್ತಿತ್ತು. ಅದನ್ನೂ ಅಭ್ಯಾಸ ಸಾಲದು ಅಂತ ಬೈದುಕೊಳ್ಳುತ್ತಿದ್ದೆ.

ಒಂದು ಉದ್ದನೆಯ ಕೆಳಸ್ವರ ಊದಿದೆ. ನಾನು ನುಡಿಸುವ ಬಿ ಫ್ಲ್ಯಾಟ್ ಶ್ರುತಿಯ ಟ್ಯೂಬಾದ ಕೊಳವೆ ಬಿಚ್ಚಿ ನೇರ ಮಾಡಿದರೆ ಸುಮಾರು 18 ಅಡಿ. ಅದನ್ನು ಮಾತಾಡಿಸಲು ಎಷ್ಟು ಗಾಳಿ ಬೇಕು ಅಂತ ಊದಿದವರಿಗೇ ಗೊತ್ತು. ಕತ್ತು ಬಗ್ಗಿಸಿ ಹೊಟ್ಟೆ ಮಡಿಸಿ ಕೂತರೆ ಅಷ್ಟು ಗಾಳಿ ಎಲ್ಲಿಂದ ಬರಬೇಕು? ಅವತ್ತು ಅದೇ ಸ್ವರ ಎರಡು ಎಣಿಕೆ ಜಾಸ್ತಿ ನಿಂತಿತು. ಮೇಷ್ಟ್ರು ಏನೂ ಹೇಳಲಿಲ್ಲ, ಟವೆಲ್ ನೀವೇ ಇಟ್ಕೊಳ್ಳಿ ಅಂದರು.

ವೀಪ್ರೆಖ್ಟ್ ಮತ್ತು ಮೋರಿಟ್ಸ್ ಅನ್ನುವವರು 1835ರಲ್ಲಿ ಬರ್ಲಿನ್‌ನಲ್ಲಿ ಬಾಸ್ ಟ್ಯೂಬಾಗೆ ಪೇಟೆಂಟ್ ತೆಗೆದುಕೊಂಡರು. ಅಂದಿನಿಂದ ಇಂದಿನವರೆಗೆ ಎಷ್ಟು ಟವೆಲ್ ಅದರಡಿ ಹೋಗಿರಬಹುದೋ ಅಂತ ಆಗಾಗ ಅಂದುಕೊಳ್ಳುತ್ತೇನೆ. ಗಿಡ್ಡ ಇರುವವರ ಕಷ್ಟ ನನ್ನದಕ್ಕೆ ತಿರುಗುಮುರುಗು. ಮೌತ್‌ಪೀಸ್ ಮೂಗಿಗೆ ಬರುತ್ತದೆ. ಅವರು ಕತ್ತು ಚಾಚುವ ಬದಲು ವಾದ್ಯವನ್ನು ಕೆಳಗಿಳಿಸಬೇಕು, ಇಲ್ಲವೇ ತಾವೇ ಎತ್ತರಕ್ಕೆ ಕೂರಬೇಕು.

ಕೆಲವು ತಿಂಗಳ ಮೇಲೆ ಸ್ಟ್ಯಾಂಡ್ ತಗೊಂಡೆ. ನೆಲದ ಮೇಲೆ ನಿಂತು, ಮೇಲಿನ ತೊಟ್ಟಿಲಿನಂಥ ಜಾಗದಲ್ಲಿ ಟ್ಯೂಬಾವನ್ನು ಹೊರುತ್ತದೆ. ಎತ್ತರ ಬೇಕಾದಷ್ಟಕ್ಕೆ ತಿರುಗಿಸಿ ಬಿಗಿಮಾಡಬಹುದು. ತೊಡೆಗೆ ಭಾರವೇ ಇಲ್ಲ. ಸ್ವರ್ಗ ಅನ್ನಿಸಿತು, ಮೊದಲ ಕಾರ್ಯಕ್ರಮದವರೆಗೆ. ವೇದಿಕೆ ನೆಲ ಕನ್ನಡಿಯಂತೆ ನುಣುಪು. ಎಲ್ಲರೂ ಮೆಲ್ಲಗೆ ನುಡಿಸುವ ಜಾಗದಲ್ಲಿ ಸ್ಟ್ಯಾಂಡಿನ ಕಾಲು ಇಂಚಿಂಚೇ ಮುಂದೆ ಜಾರತೊಡಗಿತು. ನಾನೂ ಅದರ ಹಿಂದೆ ಇಂಚಿಂಚೇ ಕುರ್ಚಿಯ ತುದಿಗೆ. ಕೊನೆಗೆ ಬೂಟಿನ ತುದಿ ಅಡ್ಡ ಕೊಟ್ಟು ನಿಲ್ಲಿಸಿದೆ. ಮುಂದಿನ ಸಾಲಿನ ಮಗುವೊಂದು ನನ್ನ ಕಾಲನ್ನೇ ನೋಡುತ್ತಿತ್ತು.

ಈಗ ಸ್ಟ್ಯಾಂಡಿನಡಿ ಹಾಕಲು ರಬ್ಬರ್ ಮ್ಯಾಟಿನ ತುಂಡೊಂದು ಚೀಲದಲ್ಲಿರುತ್ತದೆ. ಅದರ ಜೊತೆ ಆ ಟವೆಲ್ಲೂ.