ನೀರು ಏರುವ ಹೊತ್ತು

ದೀಪಾವಳಿ ಅಮಾವಾಸ್ಯೆ ಕಳೆದು ಮೂರನೇ ದಿನ, ಭಾನುವಾರ. ಬೆಳಿಗ್ಗೆ ಆರಕ್ಕೇ ಮಂಗಳೂರಿನ ಬಂದರಿನಿಂದ ದೋಣಿ ದಾಟಿ ಬೆಂಗ್ರೆ ಕಡೆ ಇಳಿದೆ. ಕೈಯಲ್ಲಿ ಮೀನು ಹಿಡಿಯುವ ಹೊಸ ರಾಡು, ಹೊಸ ರೀಲು. ಬೆಲೆ ಮನೆಯಲ್ಲಿ ಇನ್ನೂ ಹೇಳಿಲ್ಲ.

ಮಳೆಗಾಲವಿಡೀ ಈ ದಿನಕ್ಕೇ ಕಾದಿದ್ದೆ. ಫಲ್ಗುಣಿ, ನೇತ್ರಾವತಿ ಎರಡೂ ಕೆಂಪು ನೀರು ತಂದು ಸುರಿಯುವಾಗ ಅಳಿವೆಯ ಒಳಗೆ ಉಪ್ಪೇ ಉಳಿಯುವುದಿಲ್ಲ. ನವರಾತ್ರಿ ಕಳೆದ ಮೇಲೆ ನೀರು ತಿಳಿಯಾಗುತ್ತಾ ಬರುತ್ತದೆ, ಕಾಣೆ ಮೀನು ಒಳಗೆ ಬರುತ್ತದೆ. ಎದುರಿಗೆ ದಕ್ಕೆಯಲ್ಲಿ ಮೀನುಗಾರಿಕೆ ಬೋಟುಗಳು ಒಂದಕ್ಕೊಂದು ಒತ್ತಿ ನಿಂತಿದ್ದವು. ಜೂನ್, ಜುಲೈ ಎರಡು ತಿಂಗಳ ರಜೆ ಮುಗಿದ ಮೇಲೆ ಅಲ್ಲಿ ಪುರುಸೊತ್ತೇ ಇಲ್ಲ. ಡೀಸೆಲ್ ವಾಸನೆ ಹೊಳೆ ದಾಟಿ ಬರುತ್ತಿತ್ತು.

ಒಂದೂವರೆ ಗಂಟೆ ಎಸೆದೆ, ಎಳೆದೆ. ಗಾಳಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಮೀನೊಂದು ಕಲ್ಲಿಗೆ ಸಿಕ್ಕಿ ತುಂಡಾಗಿ ಹೋಯಿತು. ಇನ್ನೂರೈವತ್ತು ರೂಪಾಯಿ!

ಹತ್ತಿರದ ಕಲ್ಲಿನ ಮೇಲೆ ಒಬ್ಬರು ಅಜ್ಜ ಸುಮ್ನೆ ಕೂತಿದ್ದರು. ಖಾಲಿ ನೀರಿನ ಬಾಟಲಿಗೆ ಸುತ್ತಿದ ತಂಗೂಸಿ ದಾರ, ಒಂದು ಸೀಸದ ಗುಂಡು, ಡಬ್ಬದಲ್ಲಿ ಜೀವ ಇರುವ ಸಿಗಡಿ. ಗಾಳ ಇನ್ನೂ ನೀರಿಗೇ ಬಿಟ್ಟಿರಲಿಲ್ಲ.

"ಅಜ್ಜ, ನೀವು ಹಾಕುವುದಿಲ್ವಾ?"

"ನೀರು ಇಳಿಯುತ್ತಾ ಉಂಟಲ್ಲ ಮಾರಾಯ. ಏರ್ಲಿ."

ಎಂಟರ ಹೊತ್ತಿಗೆ ಹೊಳೆ ಒಂದು ಗಳಿಗೆ ನಿಂತ ಹಾಗಾಯಿತು. ಆಮೇಲೆ ತೇಲುತ್ತಿದ್ದ ತೆಂಗಿನ ಗರಿಯೊಂದು ಮೆಲ್ಲ ತಿರುಗಿ, ಸಮುದ್ರ ಬಿಟ್ಟು ಊರಿನ ಕಡೆ ಹೊರಟಿತು. ಅಜ್ಜ ಎದ್ದರು. ನನಗೂ ಎರಡು ಸಿಗಡಿ ಕೊಟ್ಟರು. ಬಾಲದ ಹತ್ತಿರ ಮಾತ್ರ ಚುಚ್ಚಬೇಕಂತೆ, ತಲೆಗೆ ಚುಚ್ಚಿದರೆ ಸತ್ತೇ ಹೋಗುತ್ತದೆ.

ನನ್ನ ಮೊದಲ ಮೀನು ಅಂಗೈಯಷ್ಟು. ಮೇಲೆ ಎಳೆದದ್ದೇ ಗುರ್ ಗುರ್ ಅನ್ನುತ್ತಾ ಹೊಟ್ಟೆ ಉಬ್ಬಿಸಿತು, ಬಿಳಿ ಚೆಂಡಿನ ಹಾಗೆ. ಬಾಯಲ್ಲಿ ಗಿಳಿಯ ಕೊಕ್ಕಿನಂಥ ಹಲ್ಲು. ನಾನು ಕೈ ಹಾಕುವ ಮೊದಲೇ ತಂಗೂಸಿಯನ್ನು ಕಚ್ಚಿ ತುಂಡು ಮಾಡಿತು. "ಬಿಡು ಬಿಡು, ಅದು ವಿಷ," ಅಂದರು ಅಜ್ಜ. ಕಾಲಿನಿಂದ ನೀರಿಗೆ ತಳ್ಳಿದೆ. ಸ್ವಲ್ಪ ಹೊತ್ತು ಹೊಟ್ಟೆ ಮೇಲಾಗಿ ತೇಲಿ, ಗಾಳಿ ಬಿಟ್ಟು, ಮುಳುಗಿತು.

ಕಾಣೆ ಕಚ್ಚುವುದು ಬೇರೆ ರೀತಿ. ಟಕ್ ಟಕ್ ಅಂತ ಎರಡು ಸಲ, ಬಾಗಿಲು ತಟ್ಟಿದ ಹಾಗೆ. ರಾಡಿನಲ್ಲಿ ಅದು ಗೊತ್ತೇ ಆಗುವುದಿಲ್ಲ, ಬೆರಳಿನ ಮೇಲೆ ತಂಗೂಸಿ ಇಟ್ಟರೆ ಮಾತ್ರ. ಕೊನೆಗೆ ರಾಡನ್ನು ಕಲ್ಲಿಗೆ ಒರಗಿಸಿ, ಅಜ್ಜನ ಇನ್ನೊಂದು ಬಾಟಲಿ ಇಸ್ಕೊಂಡೆ. ನಾಚಿಕೆಯೇನೂ ಆಗಲಿಲ್ಲ. ಹತ್ತೂವರೆಯೊಳಗೆ ನನಗೆ ಎರಡು, ಅವರಿಗೆ ಹನ್ನೊಂದು.

ಸಮುದ್ರದ ನೀರು ಏರುವ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಜಾಸ್ತಿಯೇ ತಡವಾಗುತ್ತದೆ. ವಾಪಸು ದೋಣಿಯಲ್ಲಿ ಬೆರಳು ಮಡಿಚಿ ಲೆಕ್ಕ ಹಾಕಿದೆ. ಮುಂದಿನ ಭಾನುವಾರ ನೀರು ಏರಲು ಶುರುವಾಗುವುದೇ ಮಧ್ಯಾಹ್ನ ಎರಡರ ಹತ್ತಿರ. ಅವತ್ತು ಅತ್ತೆ ಮನೆಯಲ್ಲಿ ಊಟ ಬೇರೆ ಉಂಟು.