ಸಿನಿಮಾ ಖಡ್ಗಕ್ಕೆ 30 ಸಾವಿರ ಕೊಡಬಹುದೇ?

ಸಿನಿಮಾದಲ್ಲಿ ನಾಯಕನ ಕೈಯಲ್ಲಿ ಕಂಡ ಖಡ್ಗದ ಅಧಿಕೃತ ಪ್ರತಿಕೃತಿಗೆ 25-30 ಸಾವಿರ ರೂಪಾಯಿ ಸುರಿಯುವುದು ದಂಡವೇ ಎಂದು ಕೇಳಿದರೆ, ಹೆಚ್ಚಿನವರು ಹೌದು ಎಂದು ಕೂಡಲೇ ಹೇಳಿಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆದರೆ ಆ ಹಣ ಯಾವುದಕ್ಕೆ ಹೋಗುತ್ತದೆ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು. ಅದು ಹೋಗುವುದು ಉಕ್ಕಿಗಲ್ಲ, ಹರಿತಕ್ಕಲ್ಲ, ಆಕಾರಕ್ಕೆ. ಆ ಆಕಾರದ ಬಹುಭಾಗ ಇರುವುದು ಅಲಗಿನಲ್ಲಲ್ಲ, ಹಿಡಿಯಲ್ಲಿ.

ಸಿನಿಮಾಕ್ಕೆ ಖಡ್ಗ ಹೇಗೆ ತಯಾರಾಗುತ್ತದೆ ಎಂಬುದರಿಂದಲೇ ಆರಂಭಿಸಬೇಕು. 'ಲಾರ್ಡ್ ಆಫ್ ದ ರಿಂಗ್ಸ್' ಚಿತ್ರಗಳಿಗೆ ನ್ಯೂಜಿಲೆಂಡಿನ ವೆಲ್ಲಿಂಗ್ಟನ್ನಿನಲ್ಲಿರುವ ವೇಟಾ ವರ್ಕ್‌ಶಾಪ್ ಆಯುಧಗಳನ್ನು ಮಾಡಿಕೊಟ್ಟಿತು. ಮುಖ್ಯ ಪಾತ್ರಗಳ ಖಡ್ಗಗಳನ್ನು ಅಲ್ಲಿನ ಪೀಟರ್ ಲಯನ್ ಎಂಬ ಕಮ್ಮಾರರು ಉಕ್ಕಿನಲ್ಲೇ ರೂಪಿಸಿದರು. ಆದರೆ ಕ್ಯಾಮೆರಾ ಹತ್ತಿರ ಬರುವ ದೃಶ್ಯಗಳಿಗಷ್ಟೇ ಉಕ್ಕಿನ ಖಡ್ಗ; ಹೊಡೆದಾಟಕ್ಕೆ ಅಲ್ಯೂಮಿನಿಯಂ ಅಲಗು, ಕುದುರೆಯ ಮೇಲಿಂದ ಬೀಳುವಲ್ಲಿ, ದೂರದ ಗುಂಪಿನಲ್ಲಿ ರಬ್ಬರಿನಂತಹ ಮೆತ್ತನೆಯ ವಸ್ತುವಿನದು. ಹಾಗಾಗಿ 'ಸಿನಿಮಾದಲ್ಲಿದ್ದ ಖಡ್ಗ' ಎನ್ನುವುದು ಒಂದೇ ವಸ್ತುವಲ್ಲ, ಒಂದೇ ಆಕಾರದ ಹಲವು ವಸ್ತುಗಳು. ಪರವಾನಗಿ ಪಡೆದ ಕಂಪೆನಿಗೆ ಸಿಗುವುದು ಆ ಆಕಾರವನ್ನು ಅಳತೆ ಸಹಿತ ನಕಲು ಮಾಡುವ ಹಕ್ಕು. ಆ ಚಿತ್ರಗಳ ಖಡ್ಗಗಳನ್ನು ಅಮೆರಿಕದ ಯುನೈಟೆಡ್ ಕಟ್ಲರಿ ಕಂಪೆನಿ ವರ್ಷಗಳಿಂದ ಮಾರುತ್ತಾ ಬಂದಿದೆ. ಅಲ್ಲಿ ಇಂತಹವು ಸಾಮಾನ್ಯವಾಗಿ 200ರಿಂದ 400 ಡಾಲರಿನ ಆಸುಪಾಸಿನಲ್ಲಿರುತ್ತವೆ. ಅದರಲ್ಲಿ ಒಂದು ಪಾಲು ಹಕ್ಕುದಾರರಿಗೆ ಹೋಗುವ ರಾಯಧನ. ಕಥೆಯ ಹಕ್ಕುಗಳನ್ನೇ ಕಂಪೆನಿಗಳು ಕೊಂಡು ಮಾರುವ ಕಾಲವಿದು. ಈ ಕಥಾಲೋಕದ ಸಿನಿಮಾ ಮತ್ತು ಸರಕುಗಳ ಹಕ್ಕನ್ನು ಹೊಂದಿದ್ದ ಸಂಸ್ಥೆಯನ್ನು 2022ರಲ್ಲಿ ಸ್ವೀಡನ್ನಿನ ಎಂಬ್ರೇಸರ್ ಗ್ರೂಪ್ ಕೊಂಡುಕೊಂಡಿತು. ಗೋಡೆಗೆ ತೂಗುಹಾಕುವ ಕಬ್ಬಿಣದ ಬೆಲೆಯಲ್ಲಿ ಇಷ್ಟು ದೂರದವರೂ ಪಾಲುದಾರರು ಎಂಬುದು ಕೆಲವರಿಗೆ ಸಿಟ್ಟು ತರಿಸಬಹುದು. ಆದರೆ ರಾಯಧನ ಕೊಟ್ಟವನ ಕೈಗೆ ಮೂಲದ ಅಳತೆ ಸಿಗುತ್ತದೆ, ಕೊಡದವನು ಚಿತ್ರ ನೋಡಿ ಅಂದಾಜಿಸುತ್ತಾನೆ. ಈ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಾದ್ದರಿಂದ ನಾನು ಅದನ್ನು ನ್ಯಾಯವೆಂದೇ ಎಣಿಸುತ್ತೇನೆ.

ಷಾರ್ಜಾದಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯ ಇಂತಹದೊಂದು ಖಡ್ಗವನ್ನು ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಮನೆಗೆ ತಂದಿಟ್ಟಿದ್ದಾನೆ. ಅದನ್ನು ಹಗಲಿನ ಬೆಳಕಿನಲ್ಲಿ ಮಡಿಲಲ್ಲಿಟ್ಟುಕೊಂಡು ನೋಡಿದರೆ ಹಣ ಎಲ್ಲಿ ಖರ್ಚಾಗಿದೆ ಎಂಬುದು ತಾನಾಗಿ ತಿಳಿಯುತ್ತದೆ. ಹಿಡಿಗೆ ಸುತ್ತಿದ ಚರ್ಮದ ಹೊಲಿಗೆ ಒಂದೇ ನೇರದಲ್ಲಿದೆ. ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯ ಮೇಲಿನ ಬಳ್ಳಿಯ ಕೆತ್ತನೆಯಲ್ಲಿ ತಗ್ಗುಗಳು ಕಪ್ಪಾಗಿ, ಉಬ್ಬುಗಳು ಉಜ್ಜಿದಂತೆ ಹೊಳೆಯುತ್ತವೆ. ಬಹಳ ಕಾಲ ಕೈಯಾಡಿದ ವಸ್ತುವಿನ ಹಳಮೆಯನ್ನು ಬೇಕೆಂದೇ ತಂದಿದ್ದಾರೆ. ಹಿಡಿಯ ತುದಿಯ ಗುಂಡು ಗಟ್ಟಿ ಲೋಹ. ಅಲಗಿಗೆ ಬಂದರೆ ಈ ಶ್ರದ್ಧೆ ಸಡಿಲುತ್ತದೆ. ನಡುವಿನ ತೋಡು ಅಡ್ಡಪಟ್ಟಿಯ ಹತ್ತಿರ ಎಷ್ಟು ಆಳವೋ ತುದಿಯವರೆಗೂ ಅಷ್ಟೇ. ದಪ್ಪವೂ ಬುಡದಿಂದ ಮೊನೆಯವರೆಗೆ ಒಂದೇ ಸಮ. ನಿಜವಾದ ಹಳೆಯ ಖಡ್ಗಗಳ ಅಲಗು ಬುಡದಿಂದ ತುದಿಗೆ ತೆಳುವಾಗುತ್ತಾ ಹೋಗುತ್ತಿತ್ತು, ಆದ್ದರಿಂದಲೇ ಉದ್ದದ ಖಡ್ಗವೂ ಸಾಮಾನ್ಯವಾಗಿ ಒಂದೂವರೆ ಕಿಲೋದ ಒಳಗೆ ನಿಂತು ಕೈಗೆ ಹಗುರವಾಗಿ ಕೂರುತ್ತಿತ್ತು. ಇದನ್ನು ಎತ್ತಿದರೆ ಮೊನೆ ನೆಲದ ಕಡೆಗೆ ಎಳೆಯುತ್ತದೆ.

ಅಡಿಕೆ ತೋಟದ ಕತ್ತಿಗಳನ್ನು ಹದ ಮಾಡಿಕೊಡುವ ನಮ್ಮೂರಿನ ಆಚಾರಿಯವರು ಒಮ್ಮೆ ಮನೆಗೆ ಬಂದಿದ್ದಾಗ ಅದನ್ನು ಅವರ ಕೈಗೆ ಕೊಟ್ಟೆವು. ಅವರು ಉಗುರಿನಿಂದ ಅಲಗನ್ನು ಮೀಟಿ ಕಿವಿಗೊಟ್ಟರು, ಬೆರಳಿನ ಮೇಲೆ ಅಡ್ಡಲಾಗಿಟ್ಟು ತೂಗಿದರು, ಬಳಿಕ ಹಿಡಿಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾ ಕೂತರು. "ಇದರ ಬಾಲ ಹಿಡಿಯೊಳಗೆ ಎಷ್ಟು ಹೋಗಿದೆ ಮಾರಾಯ್ರೆ?" ಎಂಬುದು ಅವರ ಮೊದಲ ಪ್ರಶ್ನೆ. ಅಳಿಯನಿಗೆ ಗೊತ್ತಿರಲಿಲ್ಲ, ಪೆಟ್ಟಿಗೆಯ ಮೇಲೂ ಬರೆದಿರಲಿಲ್ಲ. ನನ್ನ ದೃಷ್ಟಿಯಲ್ಲಿ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ. ಮಾರುವವರು 'ಟ್ಯಾಂಗ್' ಎನ್ನುವ ಈ ಬಾಲ ಅಲಗಿನದೇ ಮುಂದುವರಿಕೆಯಾಗಿ, ಅಗಲವಾಗಿ, ಹಿಡಿಯ ಕೊನೆಯವರೆಗೆ ಹೋಗಿದ್ದರೆ ಖಡ್ಗ ಗಟ್ಟಿ. ಗೋಡೆಯ ಖಡ್ಗಗಳಲ್ಲಿ ಬಹಳಷ್ಟಕ್ಕೆ ಅಲಗಿನ ಬುಡಕ್ಕೆ ಪೆನ್ಸಿಲಿನಷ್ಟು ತೆಳ್ಳಗಿನ ಸರಳನ್ನು ಬೆಸುಗೆ ಹಾಕಿ, ಅದರ ತುದಿಯಲ್ಲಿ ಬೋಲ್ಟಿನ ಸುತ್ತು ಮಾಡಿ, ಗುಂಡನ್ನು ತಿರುಗಿಸಿ ಬಿಗಿದಿರುತ್ತಾರೆ. ಅಂತಹದನ್ನು ಬೀಸಿದರೆ ಬೆಸುಗೆ ಬಿಟ್ಟು ಅಲಗು ಹಾರಿಹೋಗಬಹುದು. ಮಕ್ಕಳಿರುವ ಮನೆಯಲ್ಲಿ ಬೆಲೆಗಿಂತ ಮೊದಲು ಯೋಚಿಸಬೇಕಾದ ಸಂಗತಿಯಿದು.

ಉಕ್ಕಿನ ಮಾತು ಬಂದರೆ ಆಚಾರಿಯವರಿಗೂ ಆ ಕಂಪೆನಿಗಳಿಗೂ ಹೊಂದುವುದಿಲ್ಲ. ಈ ಪ್ರತಿಕೃತಿಗಳಲ್ಲಿ ಹೆಚ್ಚಿನವು 420 ಎಂಬ ಜಾತಿಯ ಸ್ಟೇನ್‌ಲೆಸ್ ಸ್ಟೀಲಿನವು. ಅದರಲ್ಲಿ ಶೇಕಡ 13ರ ಸುತ್ತಮುತ್ತ ಕ್ರೋಮಿಯಂ ಇರುವುದರಿಂದ ಹೊಳಪು ನಿಲ್ಲುತ್ತದೆ, ತುಕ್ಕು ಬೇಗ ಹಿಡಿಯುವುದಿಲ್ಲ. ಆದರೆ ಇಷ್ಟುದ್ದದ ಅಲಗಿಗೆ ಪೆಟ್ಟು ಬಿದ್ದರೆ ಸ್ಟೇನ್‌ಲೆಸ್ ಉಕ್ಕು ಬಳುಕಿ ಮರಳುವುದಿಲ್ಲ. ಹದ ಮೆತ್ತಗಿದ್ದರೆ ಬಾಗಿಯೇ ನಿಲ್ಲುತ್ತದೆ, ಗಡುಸಾಗಿದ್ದರೆ ಮುರಿಯುತ್ತದೆ. ಪೆಟ್ಟು ತಾಳುವ ಖಡ್ಗಕ್ಕೆ ಸ್ಪ್ರಿಂಗಿನ ಉಕ್ಕು ಬೇಕು. ನಮ್ಮ ಆಚಾರಿಗಳು ಹಳೆಯ ಲಾರಿಯ ಪ್ಲೇಟನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ತೋಟದ ಕತ್ತಿ ಮಾಡುತ್ತಾರಲ್ಲ, ಆ ಪ್ಲೇಟು ಸ್ಪ್ರಿಂಗಿನ ಉಕ್ಕೇ. ಅಮೆರಿಕದಲ್ಲಿ ಕತ್ತರಿಸುವ ಪರೀಕ್ಷೆಗೆಂದೇ ಮಾಡಿದ ದುಬಾರಿ ಖಡ್ಗಗಳಿಗೆ ಬಳಸುವ 5160 ಎಂಬ ಉಕ್ಕು ಕೂಡ ಅದೇ ಬಳಗದ್ದು. ಉಕ್ಕಿನ ಗುಣವೊಂದನ್ನೇ ನೋಡುವುದಾದರೆ ಕೆಲವು ನೂರು ರೂಪಾಯಿಯ ತೋಟದ ಕತ್ತಿ 30 ಸಾವಿರದ ಖಡ್ಗಕ್ಕಿಂತ ಮೇಲು ಎನ್ನಲು ನನಗೆ ಸಂಕೋಚವಿಲ್ಲ.

ಹಾಗೆಂದು ಸ್ಟೇನ್‌ಲೆಸ್ ಎಂದ ಕೂಡಲೇ ಮೂಗು ಮುರಿಯುವವರ ಮಾತನ್ನು ಕಾಸರಗೋಡಿನ ಹವೆಯಲ್ಲಿ ಪೂರ್ತಿ ಒಪ್ಪಲಾಗದು. ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿದು. ಇಲ್ಲಿ ಸ್ಪ್ರಿಂಗಿನ ಉಕ್ಕಿನ ಖಡ್ಗವನ್ನು ಗೋಡೆಯಲ್ಲಿಟ್ಟವರು ಮಳೆಗಾಲವಿಡೀ ಎಣ್ಣೆ ಒರೆಸುತ್ತಿರಬೇಕು. 420 ಉಕ್ಕಿಗೂ ಕಡಲ ಗಾಳಿಯ ಉಪ್ಪಿನಿಂದ ಚುಕ್ಕಿ ತುಕ್ಕು ಬರುವುದುಂಟು, ಆದರೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿದರೆ ಸಾಕಾಗುತ್ತದೆ. ತೆಂಗಿನೆಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ. ಚರ್ಮದ ಒರೆಯಲ್ಲಿ ಹಾಕಿಡುವುದಂತೂ ಸಲ್ಲದು. ಚರ್ಮ ತೇವ ಹೀರಿ ಅಲಗಿಗೇ ತಾಗಿಸುತ್ತದೆ. ಹಲವು ಖಡ್ಗಗಳಿಗೆ ಒರೆಯನ್ನು ಬೇರೆಯಾಗಿ, ಬೇರೆ ಬೆಲೆಗೆ ಮಾರುತ್ತಾರೆ. ನಮ್ಮ ಕಡೆಯವರು ಆ ಹಣವನ್ನು ಧೈರ್ಯವಾಗಿ ಉಳಿಸಬಹುದು.

ಆಕಾರಕ್ಕೆ ಹಣ ಕೊಡುವುದು ಹುಚ್ಚು ಎನ್ನುವವರಿಗೆ ನಾನು ಯಕ್ಷಗಾನದ ಚೌಕಿಯನ್ನು, ಅಂದರೆ ವೇಷ ಕಟ್ಟುವ ಬಣ್ಣದ ಮನೆಯನ್ನು, ತೋರಿಸುತ್ತೇನೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ಕುಂಬಳೆ ಸೀಮೆಯಲ್ಲಿ ಆಟ ನೋಡುತ್ತಾ ಬೆಳೆದ ನಮಗೆ ವೇಷದ ಖಡ್ಗ ಮರದ್ದು, ಮೇಲಿನ ಮಿನುಗು ಬೇಗಡೆಯದು ಎಂಬುದು ಗೊತ್ತಿದ್ದದ್ದೇ. ಅದು ಕಡಿಯುತ್ತದೆಯೇ ಎಂದು ಯಾರೂ ಕೇಳಿದ್ದಿಲ್ಲ. ರಂಗದ ಬೆಳಕಿನಲ್ಲಿ, ಕುಣಿತದ ನಡುವೆ ಅದು ಖಡ್ಗವಾಗಿ ಕಂಡರೆ ಅದರ ಕೆಲಸ ಮುಗಿಯಿತು. ಸಿನಿಮಾ ಪ್ರತಿಕೃತಿಯೂ ಕಣ್ಣಿಗಾಗಿಯೇ ಇರುವ ವಸ್ತು, ಆದರೆ ಅದನ್ನು ನೋಡುವುದು ಒಂದು ಮೊಳ ದೂರದಿಂದ. ಹಾಗಾಗಿ ಕೆತ್ತನೆಯ ತಪ್ಪು ಅಡಗುವುದಿಲ್ಲ, ಕೆಲಸಕ್ಕೆ ಹೆಚ್ಚು ಕೂಲಿ ಬೀಳುತ್ತದೆ. (ಭೂತಾರಾಧನೆಯಲ್ಲಿ ದೈವದ ಖಡ್ಗವಾದ ಕಡ್ಸಲೆಯ ವಿಚಾರ ಬೇರೆ. ಅದಕ್ಕೆ ಬೆಲೆ ಕಟ್ಟುವ ಮಾತನ್ನು ನಮ್ಮಲ್ಲಿ ಯಾರೂ ಆಡುವುದಿಲ್ಲ.)

ಈ ಕಾರಣಕ್ಕೇ ಪರವಾನಗಿಯಿಲ್ಲದ ಅಗ್ಗದ ನಕಲು ನನಗೆ ನಿಜವಾದ ದಂಡವೆನಿಸುತ್ತದೆ. ನಾಲ್ಕೈದು ಸಾವಿರಕ್ಕೆ ಸಿಗುವ ಅವುಗಳಲ್ಲಿ ಅಲಗು ಬಹುತೇಕ ಅದೇ ದರ್ಜೆಯದು, ಕೆಡುವುದು ಹಿಡಿಯಲ್ಲಿ. ಹಗುರ ಮಿಶ್ರಲೋಹವನ್ನು ಎರಕ ಹೊಯ್ದು ಮೇಲೆ ಬಣ್ಣದ ಲೇಪ ಕೊಟ್ಟಿರುತ್ತಾರೆ, ಕೆತ್ತನೆಯ ಗೆರೆಗಳು ಮೇಣ ಕರಗಿದಂತೆ ಮಂಕಾಗಿರುತ್ತವೆ, ಅಡ್ಡಪಟ್ಟಿ ಒಂದಿಷ್ಟು ಉದ್ದವೋ ಗಿಡ್ಡವೋ ಆಗಿ ಇಡೀ ಖಡ್ಗದ ನಿಲುವೇ ತಪ್ಪಿರುತ್ತದೆ. ಯಾವುದಕ್ಕಾಗಿ ಕೊಂಡೆವೋ ಅದೇ ಇಲ್ಲದ ಮೇಲೆ ಉಳಿತಾಯದ ಮಾತೆಲ್ಲಿ?

ಇನ್ನೊಂದು ತುದಿಯಲ್ಲಿ ಲಕ್ಷಗಳ ವ್ಯವಹಾರವಿದೆ. ಅಲ್ಲಿ ಎರಡು ಬಗೆ. ಒಂದು, ನಿಜವಾಗಿಯೂ ಖಡ್ಗವೇ ಆಗಿರುವ ಪ್ರತಿಕೃತಿ. 1982ರ ಹಾಲಿವುಡ್ ಚಿತ್ರ 'ಕೋನನ್ ದ ಬಾರ್ಬೇರಿಯನ್'ಗೆ ಖಡ್ಗಗಳನ್ನು ಮಾಡಿದ್ದ ಜೋಡಿ ಸ್ಯಾಮ್ಸನ್ ಮುಂದೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಖಡ್ಗ ತಯಾರಿಸುವ ಆಲ್ಬಿಯನ್ ಸಂಸ್ಥೆಯನ್ನು ಸೇರಿದರು. ಆ ಸಂಸ್ಥೆ ಪರವಾನಗಿ ಪಡೆದು ಅದೇ ಖಡ್ಗಗಳನ್ನು ಸಾವಿರಾರು ಡಾಲರಿಗೆ ಮಾರಿತು. ಮೂಲವನ್ನು ಮಾಡಿದವರ ಕೈಯೇ ಬೆನ್ನಿಗಿರುವಾಗ ಆ ಬೆಲೆಗೆ ಅರ್ಥವಿದೆ, ಕೊಳ್ಳುವ ತಾಕತ್ತು ನಮಗಿಲ್ಲದಿದ್ದರೂ. ಇನ್ನೊಂದು ಬಗೆ, ಗೋಡೆಯ ಖಡ್ಗಕ್ಕೇ ಕ್ರಮಸಂಖ್ಯೆ ಹೊಡೆದು, ಪೆಟ್ಟಿಗೆಯನ್ನು ಮಖಮಲ್ಲಿನದಾಗಿಸಿ, 'ಸೀಮಿತ ಆವೃತ್ತಿ' ಎಂದು ಬೆಲೆ ಏರಿಸುವುದು. ಜೊತೆಗೆ ಬರುವ ಪ್ರಮಾಣಪತ್ರ ಹೇಳುವುದು ಇದು ಪರವಾನಗಿಯುಳ್ಳ ಸರಕು ಎಂದಷ್ಟೇ. ಸಿನಿಮಾದಲ್ಲಿ ಬಳಸಿದ್ದು ಎಂದಲ್ಲ. ಮುಂದೆ ಬೆಲೆ ಏರುತ್ತದೆ ಎಂಬ ಆಸೆಯಿಂದ ಅದನ್ನು ಕೊಳ್ಳುವವರಿದ್ದಾರೆ. ಅಮೆರಿಕದಲ್ಲಿ ಏರಬಹುದು, ಬದಿಯಡ್ಕದಲ್ಲೋ ಮಂಗಳೂರಿನಲ್ಲೋ ಅದನ್ನು ಮರಳಿ ಮಾರುವುದು ಯಾರಿಗೆ?

ಬೇಸರದ ಸಂಗತಿಯೆಂದರೆ, ಖಡ್ಗ ಮಾಡುವ ದೊಡ್ಡ ಕಾರ್ಖಾನೆಗಳಲ್ಲೊಂದು ನಮ್ಮ ದೇಶದಲ್ಲೇ ಇದೆ. 1943ರಲ್ಲಿ ಆರಂಭವಾದ ಡೆಹ್ರಾಡೂನಿನ ವಿಂಡ್‌ಲಾಸ್ ಸ್ಟೀಲ್‌ಕ್ರಾಫ್ಟ್ಸ್, ಗೂರ್ಖಾ ಖುಕ್ರಿಯಿಂದ ಹಿಡಿದು ಹಾಲಿವುಡ್ ಪರವಾನಗಿಯ ಖಡ್ಗಗಳವರೆಗೆ ಮಾಡಿ ಹೊರದೇಶಗಳಿಗೆ ಕಳಿಸುತ್ತದೆ. ಅಲ್ಲಿ ಕಾಯಿಸಿ ಬಡಿದದ್ದನ್ನು ನಮ್ಮವರು ಕೊಲ್ಲಿಯ ಪೇಟೆಯಲ್ಲಿ ದಿರ್ಹಮ್ ಕೊಟ್ಟು ಕೊಂಡು ವಿಮಾನದಲ್ಲಿ ಊರಿಗೆ ತರುವ ಸಂದರ್ಭವೂ ಬರಬಹುದು.

ತರುವ ಮೊದಲು ಕಾನೂನನ್ನು ನೋಡಿಕೊಳ್ಳಬೇಕು. 1959ರ ಆಯುಧ ಕಾಯ್ದೆಯಡಿಯ ನಿಯಮಗಳಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳವು ಹರಿತಾಯುಧಗಳ ಪಟ್ಟಿಯಲ್ಲಿವೆ. ಮನೆಗೆಲಸಕ್ಕೆ, ಕೃಷಿಗೆ ಮಾಡಿದವು ಅದರಿಂದ ಹೊರಗೆ. ಅಂದರೆ ನಿಜವಾಗಿ ಕಡಿಯುವ ತೋಟದ ಕತ್ತಿಗೆ ರಿಯಾಯಿತಿ, ಕಡಿಯಲಾರದ ಸಿನಿಮಾ ಖಡ್ಗಕ್ಕೆ ಪ್ರಶ್ನೆ. ಹರಿತವಿಲ್ಲ, ಅಲಂಕಾರದ್ದು ಎಂಬ ವಿವರಣೆ ಕಸ್ಟಮ್ಸ್ ಮೇಜಿನ ಮುಂದೆ ಸಾಕಾಗುತ್ತದೆ ಎಂದು ನಂಬಿ ಹೊರಡುವುದು ಸರಿಯಲ್ಲ. ಬಿಲ್ಲು, ಕಂಪೆನಿಯ ಪತ್ರ ಜೊತೆಗಿರಲಿ, ಮೊದಲೇ ವಿಚಾರಿಸಿಯೇ ತರಬೇಕು. ಸುಂಕ ಬಿದ್ದರೆ ಅದನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು.

ಅಳಿಯನಿಗೆ ಈಗ ಎರಡನೆಯದು ಬೇಕಂತೆ. ಕ್ರಮಸಂಖ್ಯೆಯಿರುವ, ಮೊದಲನೆಯದರ ಎರಡು ಪಟ್ಟು ಬೆಲೆಯ ಖಡ್ಗವೊಂದರ ಚಿತ್ರ ಕಳಿಸಿ "ಮಾವ, ತೆಗೆಯಲಾ?" ಎಂದು ಕೇಳಿದ್ದಾನೆ. ಕಳಿಸಿದ್ದು ಅಲಗಿನ ಚಿತ್ರವನ್ನಷ್ಟೇ. ಅಡ್ಡಪಟ್ಟಿಯದು, ಗುಂಡಿನದು ಎರಡು ಚಿತ್ರ ಕಳಿಸಬೇಕು, ಬಾಲ ಎಷ್ಟು ಉದ್ದ ಎಂದು ಅಂಗಡಿಯವರಲ್ಲಿ ಕೇಳಬೇಕು, ಅದೇ ಖಡ್ಗ ಸಂಖ್ಯೆಯಿಲ್ಲದೆ ಸಾಮಾನ್ಯ ಬೆಲೆಗೆ ಸಿಗುವುದಾದರೆ ಅದನ್ನೇ ತೆಗೆಯಬೇಕು ಎಂದು ಉತ್ತರ ಬರೆದಿದ್ದೇನೆ.